ಪಟ್ಟಿಯಲ್ಲೇ ಇಲ್ಲದ ಪೋರ್ಟ್

ಮಾನಿಟರ್ ಪರದೆಯ ಮೇಲೆ "ನೋ ಸಿಗ್ನಲ್" ಅನ್ನುವ ಸಣ್ಣ ಪೆಟ್ಟಿಗೆಯೊಂದು ಆ ಮೂಲೆಯಿಂದ ಈ ಮೂಲೆಗೆ ಓಡಾಡುತ್ತಿತ್ತು. ಐದಾರು ಸೆಕೆಂಡ್ ಓಡಾಡಿದ ಮೇಲೆ ಪರದೆ ಕಪ್ಪಾಗಿ ಮಲಗಿಬಿಡುತ್ತಿತ್ತು. ನಾನು ಕೇಬಲ್ ಕಿತ್ತು ಮತ್ತೆ ಚುಚ್ಚುತ್ತಿದ್ದೆ. ಅದು ಎದ್ದು, ಅದೇ ಮಾತು ಹೇಳಿ, ಮತ್ತೆ ಮಲಗುತ್ತಿತ್ತು.

ಹತ್ತು ದಿನದ ಹಿಂದೆ ಇದೇ ಲ್ಯಾಪ್‌ಟಾಪ್, ಇದೇ ಮಾನಿಟರ್, ಇದೇ ಕೇಬಲ್ ಚೆನ್ನಾಗಿಯೇ ಕೆಲಸ ಮಾಡಿದ್ದವು. ನಡುವೆ ಒಂದು ವಾರ ನಾನು ಮೇಜಿನ ಹತ್ತಿರ ಕೂತಿರಲೇ ಇಲ್ಲ. ಲ್ಯಾಪ್‌ಟಾಪನ್ನು ಹೊತ್ತುಕೊಂಡು ತಿರುಗಿದ್ದೆ. ವಾಪಸ್ ಬಂದು ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ಈ ಕಥೆ. ಲ್ಯಾಪ್‌ಟಾಪ್‌ನಲ್ಲಿರುವುದು ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 12, ಗ್ನೋಮ್ ಡೆಸ್ಕ್‌ಟಾಪ್, ಎಕ್ಸ್11 ಸೆಷನ್. ಒಳಗೆ ಗ್ರಾಫಿಕ್ಸ್ ಚಿಪ್ ಎರಡಿವೆ. ಪ್ರೊಸೆಸರ್ ಜೊತೆಗೇ ಬರುವ ಇಂಟೆಲ್‌ನದ್ದು ಒಂದು, ಪ್ರತ್ಯೇಕವಾಗಿ ಕೂತಿರುವ ಎನ್‌ವಿಡಿಯಾದ್ದು ಇನ್ನೊಂದು. ಚಿಪ್ ಎರಡಿವೆ ಅನ್ನುವುದೇ ಇಲ್ಲಿ ಮುಖ್ಯ ಅಂತ ನನಗೆ ಹೊಳೆದದ್ದು ಮೂರನೇ ದಿನ.

ಮೊದಲ ಸಂಜೆ ಎಲ್ಲರೂ ಮಾಡುವುದನ್ನೇ ಮಾಡಿದೆ. ಮಾನಿಟರ್‌ನ ಬಟನ್ ಒತ್ತಿ ಇನ್‌ಪುಟ್ ಎಚ್‌ಡಿಎಂಐಗೇ ಇದೆಯಾ ಅಂತ ನೋಡಿದೆ. ಇತ್ತು. ಮಾನಿಟರ್‌ನ ಪ್ಲಗ್ ಕಿತ್ತು ಒಂದು ನಿಮಿಷ ಬಿಟ್ಟು ಹಾಕಿದೆ. ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡದೆ ಪೂರ್ತಿ ಆಫ್ ಮಾಡಿ, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಆನ್ ಮಾಡಿದೆ. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಪುಟದಲ್ಲಿ ಒಂದೇ ಒಂದು ಪರದೆ ಕಾಣುತ್ತಿತ್ತು, ಲ್ಯಾಪ್‌ಟಾಪ್‌ನದ್ದೇ. ಸೂಪರ್ ಕೀ ಜೊತೆ ಪಿ ಒತ್ತಿದರೂ ಏನೂ ಆಗಲಿಲ್ಲ.

ಆಮೇಲೆ ಟರ್ಮಿನಲ್ ತೆರೆದು, ಪರದೆಯ ಪೋರ್ಟುಗಳನ್ನು ಪಟ್ಟಿ ಮಾಡುವ ಎಕ್ಸ್‌ರಾಂಡರ್ ಆಜ್ಞೆ ಓಡಿಸಿದೆ. ಪೋರ್ಟಿನ ಹೆಸರಿರುವ ಸಾಲು ಎರಡು ಬಂತು. "ಇಡಿಪಿ-1 ಕನೆಕ್ಟೆಡ್" ಅಂತ ಒಂದು. ಅದು ಲ್ಯಾಪ್‌ಟಾಪ್‌ನ ಸ್ವಂತ ಪರದೆ. ಕೆಳಗೆ "ಡಿಪಿ-1 ಡಿಸ್‌ಕನೆಕ್ಟೆಡ್" ಅಂತ ಇನ್ನೊಂದು.

ಆ ಎರಡನೇ ಸಾಲು ನನ್ನ ಎರಡು ಸಂಜೆ ತಿಂದುಹಾಕಿತು. "ಡಿಸ್‌ಕನೆಕ್ಟೆಡ್" ಅನ್ನುವ ಮಾತು ಕಂಡ ಕೂಡಲೇ ನನ್ನ ತಲೆ ಅರ್ಥ ಮಾಡಿಕೊಂಡದ್ದು ಇಷ್ಟೇ: ಲ್ಯಾಪ್‌ಟಾಪ್‌ಗೆ ಪೋರ್ಟ್ ಗೊತ್ತಿದೆ, ಆದರೆ ಆ ತುದಿಯಲ್ಲಿ ಯಾರೂ ಉತ್ತರ ಕೊಡುತ್ತಿಲ್ಲ. ಅಂದಮೇಲೆ ಕೇಬಲ್ಲೋ ಮಾನಿಟರೋ ಕೆಟ್ಟಿದೆ. ಆ ಸಾಲಿನಲ್ಲಿ ಎಚ್‌ಡಿಎಂಐ ಅಂತ ಬರೆದಿಲ್ಲ, ಡಿಪಿ ಅಂತ ಬರೆದಿದೆ ಅನ್ನುವುದು ಕಣ್ಣಿಗೆ ಬಿದ್ದಿತ್ತು. ಏನೋ ಒಳಗಿನ ಹೆಸರಿರಬೇಕು ಅಂದುಕೊಂಡು ಸುಮ್ನೆ ಬಿಟ್ಟೆ.

ಕೇಬಲ್ ಮೇಲೆ ಗುಮಾನಿ ಬರುವುದಕ್ಕೆ ಕಾರಣ ಇಲ್ಲದಿಲ್ಲ. ಎಚ್‌ಡಿಎಂಐ ಅಂದರೆ ಬರೀ ಚಿತ್ರ ಹರಿಯುವ ಕೊಳವೆ ಅಲ್ಲ. ಅದರಲ್ಲಿ 19 ಪಿನ್ ಇವೆ. 18ನೇ ಪಿನ್ ಮೂಲಕ ಲ್ಯಾಪ್‌ಟಾಪ್ 5 ವೋಲ್ಟ್ ಕಳಿಸುತ್ತದೆ. ಮಾನಿಟರ್ ಅದನ್ನು ಕಂಡು 19ನೇ ಪಿನ್ನಿನಲ್ಲಿ "ನಾನಿದ್ದೇನೆ" ಅಂತ ವಾಪಸ್ ವೋಲ್ಟೇಜ್ ಏರಿಸುತ್ತದೆ. ಇದಕ್ಕೆ ಹಾಟ್ ಪ್ಲಗ್ ಡಿಟೆಕ್ಟ್ ಅಂತ ಹೆಸರು. ಅದಾದ ಮೇಲೆ ಲ್ಯಾಪ್‌ಟಾಪ್ 15 ಮತ್ತು 16ನೇ ಪಿನ್ನುಗಳ ಮೂಲಕ ಮಾನಿಟರ್‌ನ ಜಾತಕ ಕೇಳುತ್ತದೆ. ಆ ಜಾತಕದ ಹೆಸರು ಇಡಿಐಡಿ. ತಯಾರಿಸಿದವರು ಯಾರು, ಯಾವ ಮಾಡೆಲ್, ಎಷ್ಟು ರೆಸಲ್ಯೂಷನ್ ತಡೆಯುತ್ತದೆ, ಎಲ್ಲ 128 ಬೈಟ್‌ನ ತುಂಡುಗಳಲ್ಲಿ ಬರೆದಿರುತ್ತದೆ. ಈ ಪಿನ್ನುಗಳಲ್ಲಿ ಒಂದು ಸರಿಯಾಗಿ ತಾಕದೇ ಹೋದರೂ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಕೇಬಲ್ಲನ್ನು ಬೈಯುವುದು ತಪ್ಪೇನಲ್ಲ. ನಾನು ಬೈದದ್ದು ತಪ್ಪು ಕೇಬಲ್ಲನ್ನು, ಅದೂ ತಪ್ಪು ಹೊತ್ತಿನಲ್ಲಿ.

ಮಾನಿಟರ್ ಚೆನ್ನಾಗಿದೆಯಾ ಅಂತ ತಿಳಿಯಲು ಮೂಲೆಯಲ್ಲಿ ಬಿದ್ದಿದ್ದ ಹಳೇ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದು, ಅದೇ ಕೇಬಲ್ಲಿನಲ್ಲಿ ಜೋಡಿಸಿದೆ. ಚಿತ್ರ ಪಟ್ ಅಂತ ಬಂತು. ಮಾನಿಟರೂ ಸರಿ, ಕೇಬಲ್ಲೂ ಸರಿ ಅಂತ ಆಗಲೇ ಗೊತ್ತಾಗಬೇಕಿತ್ತು ಅಲ್ವಾ? ಆದರೆ ತಲೆಗೆ ಒಮ್ಮೆ ಒಂದು ಅನುಮಾನ ಹೊಕ್ಕರೆ ಅದು ಸಾಕ್ಷಿ ಕೇಳುವುದಿಲ್ಲ. ಹೊಸ ಲ್ಯಾಪ್‌ಟಾಪ್‌ನ ಪೋರ್ಟ್ ಸ್ವಲ್ಪ ಸಡಿಲ ಇರಬೇಕು, ಬೇರೆ ಕೇಬಲ್ ಗಟ್ಟಿಯಾಗಿ ಕೂರಬಹುದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಡಬ್ಬಿಯಿಂದ ಉದ್ದನೆಯ ಹಳೇ ಎಚ್‌ಡಿಎಂಐ ಕೇಬಲ್ ಒಂದನ್ನು ತೆಗೆದು ಹಾಕಿದೆ. ಏನೂ ಬದಲಾಗಲಿಲ್ಲ. ಮೊದಲಿನ ಕೇಬಲ್ ಹಳೇ ಲ್ಯಾಪ್‌ಟಾಪ್‌ಗೇ ನೇತುಬಿದ್ದಿತ್ತು, ಇದು ಇಲ್ಲಿಯೇ ಉಳಿಯಿತು. ಮುಂದೆ ಇದರ ಕಥೆ ಮತ್ತೆ ಬರುತ್ತದೆ.

ಎರಡನೇ ಸಂಜೆ ಲಿನಕ್ಸ್‌ನ ತಿರುಳಾದ ಕರ್ನಲ್ ಮೇಲೆ ಕಣ್ಣು ಬಿತ್ತು. ಆ ವಾರದಲ್ಲಿ ಅಪ್‌ಡೇಟ್ ಬಂದಿತ್ತು, ಅದರಲ್ಲಿ ಹೊಸ ಕರ್ನಲ್ಲೂ ಇತ್ತು. ಸಿಕ್ಕಿಬಿದ್ದ ಕಳ್ಳ ಅಂತ ಖುಷಿಯಾಗಿ, ಯಂತ್ರ ಆನ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೇ ಕರ್ನಲ್ ಆರಿಸಿ ಬೂಟ್ ಮಾಡಿದೆ. ಅದರಲ್ಲೂ ಅದೇ ಎರಡು ಸಾಲು. ಬೂಟ್ ಆದಾಗ ಕರ್ನಲ್‌ಗೆ ಯಾವ ಆಯ್ಕೆಗಳು ಹೋಗಿವೆ ಅಂತಲೂ ನೋಡಿದೆ. ಪ್ರಾಕ್ ಫೋಲ್ಡರಿನ ಸಿಎಂಡಿಲೈನ್ ಫೈಲಿನಲ್ಲಿ ಅದು ಸಿಗುತ್ತದೆ. ಲಿನಕ್ಸ್ ಹಾಕುವಾಗ ಪರದೆ ಬರದೇ ಇದ್ದರೆ "ನೋಮೋಡ್‌ಸೆಟ್" ಅನ್ನುವ ಆಯ್ಕೆ ಸೇರಿಸಿ ಮುಂದೆ ಹೋಗುತ್ತೇವೆ. ಆಮೇಲೆ ಅದನ್ನು ತೆಗೆಯಲು ಮರೆತರೆ ಗ್ರಾಫಿಕ್ಸ್ ಚಿಪ್ ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ತನ್ನ ಕೆಲಸಕ್ಕೇ ಇಳಿಯುವುದಿಲ್ಲ, ಹೊರಗಿನ ಮಾನಿಟರ್ ಮಾತು ಬಿಡಿ. ನನ್ನ ಸಾಲಿನಲ್ಲಿ ಅದು ಇರಲಿಲ್ಲ. ಇದ್ದಿದ್ದರೆ ಐದು ನಿಮಿಷದ ಕೆಲಸವಾಗುತ್ತಿತ್ತು.

ಹತಾಶೆಯಲ್ಲಿ ಒಂದು ಕೋತಿಚೇಷ್ಟೆ ಮಾಡಿದೆ. ಸಿಸ್ ಫೋಲ್ಡರಿನೊಳಗೆ ಕ್ಲಾಸ್, ಅದರೊಳಗೆ ಡಿಆರ್‌ಎಂ ಅನ್ನುವ ಜಾಗ ಇದೆ. ಪ್ರತಿ ಪೋರ್ಟಿಗೂ ಅಲ್ಲೊಂದು ಫೋಲ್ಡರ್, ಅದರಲ್ಲಿ "ಸ್ಟೇಟಸ್" ಅನ್ನುವ ಫೈಲ್. ರೂಟ್ ಆಗಿ, ಅಂದರೆ ಯಂತ್ರದ ಮೇಲೆ ಪೂರ್ತಿ ಅಧಿಕಾರವಿರುವ ಬಳಕೆದಾರನಾಗಿ, ಅದರಲ್ಲಿ "ಡಿಟೆಕ್ಟ್" ಅಂತ ಬರೆದರೆ ಕರ್ನಲ್ ಆ ಪೋರ್ಟನ್ನು ಮತ್ತೆ ಹುಡುಕುತ್ತದೆ. "ಆನ್" ಅಂತ ಬರೆದರೆ, ಏನೂ ಇಲ್ಲದಿದ್ದರೂ ಇದೆ ಅಂತ ನಂಬುತ್ತದೆ. ಡಿಪಿ-1ರ ಫೈಲಿನಲ್ಲಿ ಮೊದಲು "ಡಿಟೆಕ್ಟ್" ಬರೆದೆ, ಪ್ರಯೋಜನವಾಗಲಿಲ್ಲ. ಆಮೇಲೆ "ಆನ್" ಬರೆದೆ. ತಕ್ಷಣ ಸೆಟ್ಟಿಂಗ್ಸ್‌ನಲ್ಲಿ ಎರಡನೇ ಪರದೆ ಎದ್ದು ನಿಂತಿತು! ಕುರ್ಚಿಯಿಂದ ಎದ್ದೇಬಿಟ್ಟೆ. ಮಾನಿಟರ್ ಕಡೆ ತಿರುಗಿದರೆ ಅದೇ "ನೋ ಸಿಗ್ನಲ್". ಮೌಸನ್ನು ಬಲಕ್ಕೆ ಸರಿಸಿದರೆ ಅದು ಪರದೆಯ ಅಂಚು ದಾಟಿ ಎಲ್ಲೋ ಮಾಯ. ತೆರೆದ ಟರ್ಮಿನಲ್ ಕೂಡ ಆ ಇಲ್ಲದ ಪರದೆಗೇ ಹೋಗಿ ಕೂತಿತು. ಅದನ್ನು ವಾಪಸ್ ತರಲಾಗದೆ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಬೇಕಾಯಿತು.

ಮೂರನೇ ದಿನ ಗೆಳೆಯನೊಬ್ಬನಿಗೆ ಫೋನ್ ಮಾಡಿದೆ. ಲಿನಕ್ಸ್‌ನಲ್ಲಿ ಅವನು ನನಗಿಂತ ಹತ್ತು ವರ್ಷ ಮುಂದೆ. ಮಾಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ ಒಂದೇ ಪ್ರಶ್ನೆ ಹಾಕಿದ.

"ಲೋ, ಆ ಡಿಪಿ-1 ನಿನ್ನ ಎಚ್‌ಡಿಎಂಐ ಪೋರ್ಟೇ ಅಂತ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ.

"ಡಿಆರ್‌ಎಂ ಫೋಲ್ಡರಲ್ಲಿ ಏನೇನಿದೆ ಓದು ನೋಡೋಣ."

ಓದಿದೆ. ಕಾರ್ಡ್0, ಕಾರ್ಡ್0-ಡಿಪಿ-1, ಕಾರ್ಡ್0-ಇಡಿಪಿ-1. ಇನ್ನೆರಡು ಬೇರೆ ಫೈಲು. ಅಷ್ಟೇ.

"ನಿಂಗೆ ಚಿಪ್ ಎರಡಿವೆ ಅಂದ್ಯಲ್ಲ. ಎರಡನೇ ಕಾರ್ಡ್ ಎಲ್ಲಿ?"

ನನಗೆ ಅಲ್ಲಿ ಬೆಳಕು ಹರಿಯಿತು. ಡಿಪಿ-1 ಅನ್ನುವುದು ಟೈಪ್-ಸಿ ಪೋರ್ಟ್. ಡಿಪಿ ಅಂದರೆ ಡಿಸ್‌ಪ್ಲೇಪೋರ್ಟ್. ಟೈಪ್-ಸಿಯಲ್ಲೂ ಆ ಸಿಗ್ನಲ್ ಹೋಗುತ್ತದೆ, ಅದು ಇಂಟೆಲ್ ಚಿಪ್‌ಗೆ ಸೇರಿದ್ದು. ಅಲ್ಲಿ ನಾನು ಏನೂ ಚುಚ್ಚಿರಲಿಲ್ಲ, ಹಾಗಾಗಿ ಅದು "ಡಿಸ್‌ಕನೆಕ್ಟೆಡ್" ಅಂತ ಸತ್ಯವನ್ನೇ ಹೇಳುತ್ತಿತ್ತು. ಎಚ್‌ಡಿಎಂಐ ಪೋರ್ಟಿನ ತಂತಿಗಳು ಈ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್ ಕಡೆಗೆ ಹೋಗುವುದೇ ಇಲ್ಲ, ನೇರವಾಗಿ ಎನ್‌ವಿಡಿಯಾ ಚಿಪ್‌ಗೆ ಹೋಗುತ್ತವೆ. ಎರಡು ಚಿಪ್ ಇರುವ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಹೀಗೇ ಇರುತ್ತದೆ. ಆ ಚಿಪ್‌ನ ಡ್ರೈವರ್ ಎದ್ದಿಲ್ಲ ಅಂದರೆ ಪೋರ್ಟ್ "ಡಿಸ್‌ಕನೆಕ್ಟೆಡ್" ಅಂತ ಕೂಡ ಹೇಳಲಾರದು. ಅದು ಪಟ್ಟಿಯಲ್ಲೇ ಇರುವುದಿಲ್ಲ. ಕದ ತಟ್ಟಿದರೆ ಯಾರೂ ತೆಗೆಯುತ್ತಿಲ್ಲ ಅನ್ನುವುದು ಬೇರೆ, ಕದವೇ ಇಲ್ಲ ಅನ್ನುವುದು ಬೇರೆ. ಮೊದಲನೆಯದಾದರೆ ಕೇಬಲ್, ಮಾನಿಟರ್, ಪಿನ್ನು ನೋಡಬೇಕು. ಎರಡನೆಯದಾದರೆ ಕೇಬಲ್ ಮುಟ್ಟುವುದೇ ದಂಡ. ನಾನು ಎರಡು ಸಂಜೆ ಇಲ್ಲದ ಕದಕ್ಕೆ ಬೀಗದ ಕೈ ಹುಡುಕುತ್ತಿದ್ದೆ.

ಮುಂದಿನದು ಬೇಗ ಬೇಗ ನಡೆಯಿತು. ಒಳಗಿನ ಚಿಪ್‌ಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಪಿಸಿಐ ಆಜ್ಞೆಗೆ ಕೆ ಆಯ್ಕೆ ಸೇರಿಸಿ ಓಡಿಸಿದರೆ, ಪ್ರತಿ ಚಿಪ್‌ನ ಕೆಳಗೆ ಯಾವ ಡ್ರೈವರ್ ಬಳಕೆಯಲ್ಲಿದೆ ಅಂತ ಒಂದು ಸಾಲು ಬರುತ್ತದೆ. ಇಂಟೆಲ್ ಕೆಳಗೆ ಐ915 ಅಂತ ಇತ್ತು. ಎನ್‌ವಿಡಿಯಾ ಕೆಳಗೆ ಆ ಸಾಲೇ ಇರಲಿಲ್ಲ. ಬಳಸಬಹುದಾದ ಮಾಡ್ಯೂಲ್‌ಗಳ, ಅಂದರೆ ಕರ್ನಲ್‌ಗೆ ಸೇರಿಸುವ ಡ್ರೈವರ್ ತುಂಡುಗಳ, ಹೆಸರು ಮಾತ್ರ ಇತ್ತು. ಆ ಚಿಪ್‌ನ ಸ್ಥಿತಿ ತೋರಿಸುವ ಎನ್‌ವಿಡಿಯಾ-ಎಸ್‌ಎಂಐ ಓಡಿಸಿದರೆ ಡ್ರೈವರ್ ಜೊತೆ ಮಾತಾಡಲು ಆಗುತ್ತಿಲ್ಲ ಅಂತ ಕೈಚೆಲ್ಲಿತು. ಇದನ್ನು ಮೊದಲ ದಿನವೇ ಓಡಿಸಿದ್ದರೆ! ಇದೇ ಚಿಪ್‌ಗಿರುವ ಇನ್ನೊಂದು ಡ್ರೈವರ್, ಅಂದರೆ ನೂವೋ, ಬದಲಿಗೆ ಯಾಕೆ ಎದ್ದಿಲ್ಲ ಅಂತ ಕೇಳಬಹುದು. ಎನ್‌ವಿಡಿಯಾದ ಡ್ರೈವರ್ ಹಾಕಿದಾಗ ಅದು ನೂವೋವನ್ನು ಕರಿಪಟ್ಟಿಗೆ ಸೇರಿಸುತ್ತದೆ. ಹಾಗಾಗಿ ಇವನೂ ಇಲ್ಲ, ಅವನೂ ಇಲ್ಲ.

"ಕೈಯಿಂದಲೇ ಎಬ್ಬಿಸು, ಏನಂತ ಬೈಯುತ್ತೆ ನೋಡೋಣ" ಅಂದ ಗೆಳೆಯ. ಮಾಡ್‌ಪ್ರೋಬ್ ಮೂಲಕ ಎನ್‌ವಿಡಿಯಾ ಮಾಡ್ಯೂಲ್ ಹಾಕಲು ಹೋದೆ. "ಕೀ ವಾಸ್ ರಿಜೆಕ್ಟೆಡ್ ಬೈ ಸರ್ವೀಸ್" ಅಂತ ಬಂತು. ಕರ್ನಲ್‌ನ ಸಂದೇಶ ತೋರಿಸುವ ಡಿಮೆಸೇಜ್ ತೆಗೆದು ನೋಡಿದರೆ, ತನಗೆ ಸಿಗದ ಕೀಲಿಯಿಂದ ಸಹಿ ಹಾಕಿದ ಮಾಡ್ಯೂಲನ್ನು ತಿರಸ್ಕರಿಸಿದ್ದೇನೆ ಅಂತ ಕರ್ನಲ್ ಬರೆದಿಟ್ಟಿತ್ತು.

ಗೆಳೆಯ ನಕ್ಕ. "ಸೆಕ್ಯೂರ್ ಬೂಟ್ ಆನ್ ಮಾಡಿದ್ದೀಯಾ?"

"ಇಲ್ಲಪ್ಪ, ಲಿನಕ್ಸ್ ಹಾಕಿದ ದಿನವೇ ಆಫ್ ಮಾಡಿದ್ದೆ."

"ಮೋಕ್‌ಯುಟಿಲ್‌ನ ಕೇಳು."

ಮೋಕ್‌ಯುಟಿಲ್ ಆಜ್ಞೆಗೆ ಎಸ್‌ಬಿ-ಸ್ಟೇಟ್ ಅಂತ ಕೊಟ್ಟು ಕೇಳಿದೆ. "ಸೆಕ್ಯೂರ್‌ಬೂಟ್ ಎನೇಬಲ್ಡ್." ಒಂದು ಕ್ಷಣ ಸುಮ್ಮನೆ ಕೂತೆ. ಆಮೇಲೆ ನೆನಪಾಯಿತು. ತಿರುಗಾಟದ ವಾರದಲ್ಲಿ ಒಂದು ಪೆನ್‌ಡ್ರೈವ್‌ನಿಂದ ಬೂಟ್ ಮಾಡಬೇಕಾಗಿತ್ತು. ಬಯಾಸ್‌ಗೆ, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗ್ಸ್‌ಗೆ, ಹೋಗಿ ಬೂಟ್ ಕ್ರಮ ಬದಲಿಸಿದೆ, ಏನೋ ಎಡವಟ್ಟಾಯಿತು. ಇರೋಬರೋದನ್ನೆಲ್ಲ ಮೊದಲಿನಂತೆ ಮಾಡಿಬಿಡೋಣ ಅಂತ "ಲೋಡ್ ಡಿಫಾಲ್ಟ್ಸ್" ಒತ್ತಿ, ಸೇವ್ ಮಾಡಿ ಹೊರಬಂದಿದ್ದೆ. ಡಿಫಾಲ್ಟ್‌ನಲ್ಲಿ ಸೆಕ್ಯೂರ್ ಬೂಟ್ ಆನ್. ನನ್ನ ಕೈಯಾರೆ ಮಾಡಿದ ಕೆಲಸ. ಆ ವಾರ ಹೊರಗಿನ ಮಾನಿಟರ್ ಬಳಸಿರಲಿಲ್ಲ, ಲ್ಯಾಪ್‌ಟಾಪ್‌ನ ಪರದೆ ಇಂಟೆಲ್‌ನಿಂದ ಚೆನ್ನಾಗಿಯೇ ನಡೆಯುತ್ತಿತ್ತು. ಅನುಮಾನ ಬರಲು ಕಾರಣವೇ ಇರಲಿಲ್ಲ. ಹಳೇ ಕರ್ನಲ್ಲಿನಲ್ಲೂ ಕೆಲಸ ಆಗದ್ದು ಯಾಕೆ ಅಂತಲೂ ಈಗ ಗೊತ್ತಾಯಿತು. ಬಾಗಿಲಲ್ಲಿ ನಿಂತ ಕಾವಲುಗಾರ ಎರಡಕ್ಕೂ ಒಬ್ಬನೇ.

ಸೆಕ್ಯೂರ್ ಬೂಟ್ ಆನ್ ಇದ್ದಾಗ ಕರ್ನಲ್, ತಾನು ನಂಬುವ ಕೀಲಿಯಿಂದ ಸಹಿ ಆಗಿರುವ ಮಾಡ್ಯೂಲ್‌ಗಳನ್ನು ಮಾತ್ರ ಒಳಗೆ ಬಿಡುತ್ತದೆ. ಡೆಬಿಯನ್ ಜೊತೆ ಬರುವ ಐ915ನಂಥ ಡ್ರೈವರ್‌ಗಳಿಗೆ ಡೆಬಿಯನ್‌ನದ್ದೇ ಸಹಿ ಇರುತ್ತದೆ. ಎನ್‌ವಿಡಿಯಾ ಮಾಡ್ಯೂಲ್ ಹಾಗಲ್ಲ. ಡಿಕೆಎಂಎಸ್ ಅನ್ನುವ ಸಾಧನ ಅದನ್ನು ನಮ್ಮ ಯಂತ್ರದಲ್ಲೇ, ಪ್ರತಿ ಹೊಸ ಕರ್ನಲ್ ಬಂದಾಗಲೂ, ಹೊಸದಾಗಿ ಕಟ್ಟುತ್ತದೆ. ಡೆಬಿಯನ್ 12ರಲ್ಲಿ ಡಿಕೆಎಂಎಸ್ ತಾನೇ ಒಂದು ಕೀಲಿ ಮಾಡಿಕೊಂಡು ಸಹಿಯನ್ನೂ ಹಾಕುತ್ತದೆ. ಆದರೆ ಆ ಕೀಲಿ ಯಾರದ್ದು ಅಂತ ಯಂತ್ರದ ಫರ್ಮ್‌ವೇರ್‌ಗೆ ಯಾರಾದರೂ ಪರಿಚಯ ಮಾಡಿಸಬೇಕು. ನಾನು ಮಾಡಿಸಿರಲಿಲ್ಲ, ಯಾಕೆಂದರೆ ಸೆಕ್ಯೂರ್ ಬೂಟ್ ಆಫ್ ಇತ್ತು.

ದಾರಿ ಎರಡಿದ್ದವು. ಬಯಾಸ್‌ಗೆ ಹೋಗಿ ಮತ್ತೆ ಆಫ್ ಮಾಡುವುದು ಎರಡು ನಿಮಿಷದ ಕೆಲಸ. ಅದೇ ಸಾಕು ಅನ್ನುವವರನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ನನಗೆ ನನ್ನ ಕೈ ಗೊತ್ತಿದೆ. ಮತ್ತೊಂದು ದಿನ ಮತ್ತೆ "ಲೋಡ್ ಡಿಫಾಲ್ಟ್ಸ್" ಒತ್ತುವವನೇ ನಾನು. ಹಾಗಾಗಿ ಕೀಲಿ ಸೇರಿಸುವುದೇ ಸರಿ ಅಂದುಕೊಂಡೆ. ಮೋಕ್‌ಯುಟಿಲ್‌ಗೆ ಇಂಪೋರ್ಟ್ ಅಂತ ಹೇಳಿ, ಡಿಕೆಎಂಎಸ್ ಫೋಲ್ಡರಿನಲ್ಲಿ ಆ ಕೀಲಿ ಇರುವ ಮೋಕ್ ಡಾಟ್ ಪಬ್ ಫೈಲ್ ತೋರಿಸಿದೆ. ಆ ಫೋಲ್ಡರ್ ವಾರ್ ಒಳಗಿನ ಲಿಬ್‌ನಲ್ಲಿದೆ. ಅದು ಒಂದು ಪಾಸ್‌ವರ್ಡ್ ಕೇಳಿತು. ಇದು ಒಂದೇ ಸಲ ಬಳಸುವ ಪಾಸ್‌ವರ್ಡ್, ರೀಸ್ಟಾರ್ಟ್ ಆದ ಮೇಲೆ ಬೇಕಾಗುತ್ತದೆ. ಬರೀ ಅಂಕಿಗಳನ್ನು ಇಟ್ಟೆ. ಅಲ್ಲಿ ಕೀಬೋರ್ಡ್ ಯಾವ ಲೇಔಟ್‌ನಲ್ಲಿರುತ್ತದೋ, ಚಿಹ್ನೆ ಹಾಕಿ ಪೇಚಾಡುವುದು ಬೇಡ ಅಂತ.

ರೀಸ್ಟಾರ್ಟ್ ಕೊಟ್ಟು ಮುಖ ತೊಳೆಯಲು ಹೋದೆ. ಬರುವಷ್ಟರಲ್ಲಿ ಡೆಬಿಯನ್ ಲಾಗಿನ್ ಪರದೆ ಕಾಯುತ್ತಿತ್ತು. ಎಲ್ಲ ಆಯಿತು ಅಂದುಕೊಂಡರೆ ಏನೂ ಆಗಿರಲಿಲ್ಲ. ರೀಸ್ಟಾರ್ಟ್ ಆಗುವಾಗ ನೀಲಿ ಪರದೆಯೊಂದು ಬಂದು, ಯಾವುದಾದರೂ ಕೀ ಒತ್ತು ಅಂತ ಹತ್ತು ಸೆಕೆಂಡ್ ಎಣಿಸುತ್ತದೆ. ಒತ್ತಲಿಲ್ಲ ಅಂದರೆ ಸುಮ್ಮನೆ ಬೂಟ್ ಮುಂದುವರಿಸುತ್ತದೆ, ನಮ್ಮ ಅರ್ಜಿ ಕಸದ ಬುಟ್ಟಿಗೆ. ಮತ್ತೆ ಮೊದಲಿನಿಂದ ಇಂಪೋರ್ಟ್ ಮಾಡಿ, ಈ ಸಲ ಕಣ್ಣು ಮಿಟುಕಿಸದೆ ಕೂತೆ. ನೀಲಿ ಪರದೆ ಬಂತು, ಕೀ ಒತ್ತಿದೆ. "ಎನ್‌ರೋಲ್ ಮೋಕ್", "ಕಂಟಿನ್ಯೂ", "ಯೆಸ್", ಪಾಸ್‌ವರ್ಡ್, "ರೀಬೂಟ್". ಈ ಕೀಲಿ ಡಿಸ್ಕ್‌ನಲ್ಲಿ ಅಲ್ಲ, ಮದರ್‌ಬೋರ್ಡಿನ ನೆನಪಿನಲ್ಲಿ ಹೋಗಿ ಕೂರುತ್ತದೆ. ಮುಂದೆ ಎಂದಾದರೂ ಡೆಬಿಯನ್ನನ್ನು ಹೊಸದಾಗಿ ಹಾಕಿದರೆ ಡಿಕೆಎಂಎಸ್ ಹೊಸ ಕೀಲಿ ಮಾಡುತ್ತದೆ, ಆಗ ಈ ಪೂಜೆ ಮತ್ತೊಮ್ಮೆ ಮಾಡಬೇಕು.

ಲಾಗಿನ್ ಪರದೆ ಬರುವ ಮೊದಲೇ ಮಾನಿಟರ್ ಹಿಂಬದಿಯ ಬೆಳಕು ಹತ್ತಿತು. ಎಕ್ಸ್‌ರಾಂಡರ್ ಓಡಿಸಿದೆ. ಇಡಿಪಿ-1, ಡಿಪಿ-1, ಅವುಗಳ ಕೆಳಗೆ ಹೊಸದಾಗಿ "ಎಚ್‌ಡಿಎಂಐ-1-0 ಕನೆಕ್ಟೆಡ್". ಹೆಸರಿನ ಆ ಎರಡು ಅಂಕಿ ನೋಡಿದರೇ ಇದು ಎರಡನೇ ಚಿಪ್‌ನ ಪೋರ್ಟ್ ಅಂತ ಗೊತ್ತಾಗುತ್ತದೆ. ಮೂರು ದಿನದಿಂದ ಹುಡುಕುತ್ತಿದ್ದ ಸಾಲು. ಗೆಳೆಯನಿಗೆ "ಬಂತು ಬಂತು" ಅಂತ ಮೆಸೇಜ್ ಹಾಕಿದೆ.

ಹಾಕಿದ ಮೇಲೆ ಪರದೆಯನ್ನು ಸರಿಯಾಗಿ ನೋಡಿದೆ. ಅಕ್ಷರಗಳು ಉಬ್ಬಿದ್ದವು, ಐಕಾನುಗಳು ಅಂಗೈ ಅಗಲ. 1920x1080ರ ಮಾನಿಟರ್ 1024x768ರಲ್ಲಿ ನಿಂತಿತ್ತು, ಸೆಟ್ಟಿಂಗ್ಸ್‌ನಲ್ಲಿ ಅದಕ್ಕಿಂತ ಮೇಲೆ ಆಯ್ಕೆಯೇ ಇಲ್ಲ.

ಈ ಸಲ ಕೇಬಲ್ ಮುಟ್ಟಲಿಲ್ಲ. ಪಾಠ ಕಲಿತಿದ್ದೆನಲ್ಲ! ಡ್ರೈವರ್‌ನ ಆಯ್ಕೆಗಳನ್ನು ನೋಡಿದೆ. ಎನ್‌ವಿಡಿಯಾ-ಡಿಆರ್‌ಎಂನ ಮೋಡ್‌ಸೆಟ್ ಅನ್ನು ಹಿಂದೆಯೇ 1ಕ್ಕೆ ಇಟ್ಟಿದ್ದೆ, ಅದು ಹಾಗೇ ಇತ್ತು. ಲಾಗ್‌ಗಳನ್ನು ಓದಿದೆ. ಮುಕ್ಕಾಲು ಗಂಟೆ ಹೋಯಿತು. ಆಮೇಲೆ ಡಿಆರ್‌ಎಂ ಫೋಲ್ಡರಿಗೆ ಹೋಗಿ ಎಚ್‌ಡಿಎಂಐನ ಇಡಿಐಡಿ ಫೈಲ್ ನೋಡಿದೆ. ಗಾತ್ರ 0 ಅಂತ ತೋರಿಸಿತು. ಜಾತಕ ಖಾಲಿ! ಆದರೆ ಇಲ್ಲಿ ಒಂದು ಮೋಸ ಇದೆ. ಆ ಜಾಗದ ಇಡಿಐಡಿ ಫೈಲುಗಳು, ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಆಜ್ಞೆಯಲ್ಲಿ ಯಾವಾಗಲೂ 0 ಅಂತಲೇ ಕಾಣುತ್ತವೆ. ಲ್ಯಾಪ್‌ಟಾಪ್‌ನ ಸ್ವಂತ ಪರದೆಯದ್ದೂ 0 ಅಂತಲೇ ಇತ್ತು. ಕ್ಯಾಟ್ ಆಜ್ಞೆಯಿಂದ ಓದಿ, ಡಬ್ಲ್ಯುಸಿ ಆಜ್ಞೆಯಿಂದ ಬೈಟ್ ಎಣಿಸಿದರೆ ಮಾತ್ರ ನಿಜ ಗೊತ್ತಾಗುವುದು. ಎಣಿಸಿದೆ. ಲ್ಯಾಪ್‌ಟಾಪ್ ಪರದೆಗೆ 128. ಎಚ್‌ಡಿಎಂಐಗೆ ನಿಜವಾಗಿಯೂ 0.

ಮಾನಿಟರ್ ಇದೆ ಅನ್ನುವುದು ಲ್ಯಾಪ್‌ಟಾಪ್‌ಗೆ ಗೊತ್ತು, ಚಿತ್ರ ಕೂಡ ಹೋಗುತ್ತಿದೆ, ಆದರೆ ಅದು ಎಂಥ ಮಾನಿಟರ್ ಅಂತ ಓದಲು ಆಗುತ್ತಿಲ್ಲ. ಅಂದರೆ 19ನೇ ಪಿನ್ ಸರಿ, ಚಿತ್ರ ಒಯ್ಯುವ ತಂತಿಗಳು ಸರಿ, ಜಾತಕ ಕೇಳುವ 15 ಮತ್ತು 16ರ ದಾರಿಯಲ್ಲಿ ಎಲ್ಲೋ ಕಡಿದಿದೆ. ಏನೂ ಗೊತ್ತಿಲ್ಲದಾಗ ಯಾವ ಮಾನಿಟರಿಗೂ ಒಗ್ಗುವ ಸಣ್ಣ ಅಳತೆಯನ್ನು ಡ್ರೈವರ್ ಕೊಟ್ಟುಬಿಡುತ್ತದೆ. ಕಡಿದದ್ದು ಎಲ್ಲಿರಬಹುದು ಅಂತ ಕೇಬಲ್ಲಿನ ಮೇಲೆ ಕೈಯಾಡಿಸುತ್ತಾ ಹೋದೆ. ಕೇಬಲ್ ಮುಗಿಯಲೇ ಇಲ್ಲ. ಇಷ್ಟುದ್ದ ಯಾಕಿದೆ ಅಂತ ಬಗ್ಗಿ ನೋಡಿದರೆ, ಮೊದಲ ಸಂಜೆ ಡಬ್ಬಿಯಿಂದ ತೆಗೆದ ಹಳೇ ಕೇಬಲ್!

ಮೂಲೆಗೆ ಹೋಗಿ ಹಳೇ ಲ್ಯಾಪ್‌ಟಾಪ್‌ಗೆ ನೇತುಬಿದ್ದಿದ್ದ ಮೊದಲಿನ ಕೇಬಲ್ ಬಿಚ್ಚಿ ತಂದು ಚುಚ್ಚಿದೆ. ಪರದೆ ಒಮ್ಮೆ ಕಪ್ಪಾಗಿ, ಪೂರ್ತಿ ಅಗಲಕ್ಕೆ ತೆರೆದುಕೊಂಡಿತು. ಇಡಿಐಡಿ ಎಣಿಸಿದೆ, 256 ಬೈಟ್. ಗೆಳೆಯನಿಗೆ ಹಾಕಿದ್ದ "ಬಂತು ಬಂತು" ಮೆಸೇಜಿಗೆ ಅಷ್ಟರಲ್ಲಿ ಉತ್ತರ ಬಂದಿತ್ತು: "ಕೇಬಲ್ ಸರಿ ಇತ್ತು ತಾನೇ?" ಏನು ಬರೆಯಬೇಕು ಅಂತ ತಿಳಿಯದೆ ಒಂದು ನಗುವ ಮುಖ ಕಳಿಸಿದೆ.

ಉದ್ದನೆಯ ಕೇಬಲ್ಲನ್ನು ಸುರುಳಿ ಸುತ್ತಿ ಮತ್ತೆ ಡಬ್ಬಿಗೇ ಹಾಕಿದೆ, ಬಿಸಾಡಲು ಮನಸ್ಸು ಬರಲಿಲ್ಲ. ಹಾಕುವ ಮುಂಚೆ ಅದಕ್ಕೊಂದು ಚೀಟಿ ಅಂಟಿಸಿದೆ: "ಚಿತ್ರ ಹೋಗುತ್ತೆ, ಜಾತಕ ಬರಲ್ಲ."